ಒಂದು ಈಡಿಗೆ ಎಷ್ಟು ಮದ್ದು?

ಇವತ್ತಿನ ಮಾತನ್ನು ಒಂದು ಕನ್ನಡ ಪದದಿಂದ ಶುರು ಮಾಡುತ್ತೇನೆ: ಈಡು. ನಿಮ್ಮಲ್ಲಿ ಹೆಚ್ಚಿನವರು ಇದನ್ನು ಕೇಳಿರಲಿಕ್ಕಿಲ್ಲ. ನಮ್ಮ ಮಲೆನಾಡಿನಲ್ಲಿ ಕೋವಿಯ ಒಂದು ಹೊಡೆತಕ್ಕೆ ಈಡು ಅನ್ನುತ್ತಾರೆ. "ಒಂದೇ ಈಡಿಗೆ ಹಂದಿ ಬಿತ್ತು" ಅಂದರೆ ಒಂದೇ ಹೊಡೆತಕ್ಕೆ ಬಿತ್ತು ಎಂದರ್ಥ. ಆ ಹೊಡೆತಕ್ಕಾಗಿ ನಳಿಗೆಯೊಳಗೆ ತುಂಬುವ ಮದ್ದು, ಗುಂಡು ಎಲ್ಲ ಸೇರಿದ್ದಕ್ಕೂ ಈಡು ಅಂತಲೇ ಹೆಸರು. ಇಂಗ್ಲಿಷಿನಲ್ಲಿ ಲೋಡ್ ಬೇರೆ, ಶಾಟ್ ಬೇರೆ. ನಮ್ಮೂರಿನವರಿಗೆ ಒಂದೇ ಪದ ಸಾಕಾಗಿತ್ತು. (ಈಡೇರು, ಈಡಾಗು ಅಂತೆಲ್ಲ ಬೇರೆ ಪದಗಳೂ ಇವೆ. ಅವುಗಳ ಗೊಡವೆ ಇವತ್ತು ಬೇಡ.)

ಈ ಪದ ನನಗೆ ಎಷ್ಟೋ ವರ್ಷಗಳ ಮೇಲೆ ನೆನಪಾದದ್ದು ಊರಿನಲ್ಲಲ್ಲ, ಪೆನ್ಸಿಲ್ವೇನಿಯಾದಲ್ಲಿ. ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯರಿದ್ದಾರೆ. ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ಅವರು ತಮ್ಮ ಚಕಮಕಿ ಕೋವಿಯನ್ನು ಹೊರಗೆ ತೆಗೆಯುತ್ತಾರೆ. ಇಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಒಂದು ವಿಶೇಷ ಜಿಂಕೆ ಬೇಟೆಯ ಅವಧಿ ಇದೆ. ಅದರಲ್ಲಿ ಹೊಸ ರೈಫಲ್ ನಡೆಯುವುದಿಲ್ಲ, ಬಾಯಿಯಿಂದ ಮದ್ದು ತುಂಬಿ ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸುವ ಕೋವಿಯೇ ಆಗಬೇಕು. 1974ರಿಂದ ನಡೆದು ಬಂದ ಪದ್ಧತಿ. ಅದಕ್ಕೆ ತಯಾರಾಗಲು ಅವರು ರೇಂಜಿಗೆ ಹೊರಟಾಗ ಒಮ್ಮೆ ನಾನೂ ನನ್ನ ಮಗನೂ ಜೊತೆಗೆ ಹೋದೆವು.

ಹೋಗುವಾಗ ನಾನು ಅಂದುಕೊಂಡದ್ದು ಡಬ್ ಡಬ್ ಅಂತ ಹೊಡೆಯುತ್ತಾರೆ, ಹೊಗೆ ಬರುತ್ತದೆ, ಮಗನಿಗೆ ಖುಷಿಯಾಗುತ್ತದೆ, ಅಷ್ಟೆ. ಅಲ್ಲಿ ನೋಡಿದರೆ ಒಂದು ಪ್ರಯೋಗಶಾಲೆ. ಐವತ್ತು ಗಜ ದೂರದಲ್ಲಿ ಕಾಗದದ ಗುರಿಗಳು. ಮೇಜಿನ ಮೇಲೆ ಒಂದು ನೋಟ್‌ಬುಕ್, ಪೆನ್ಸಿಲ್, ಹಿತ್ತಾಳೆಯ ಅಳತೆ ಕೊಳವೆ, ಎಣ್ಣೆ ಸವರಿದ ಬಟ್ಟೆಯ ದುಂಡು ತುಂಡುಗಳು, ಸೀಸದ ಗುಂಡುಗಳು. ಮೊದಲು 50 ಗ್ರೇನ್ ಮದ್ದು ಹಾಕಿ ಐದು ಈಡು. ಆಮೇಲೆ 60 ಗ್ರೇನ್, ಮತ್ತೆ ಐದು. ನಂತರ 70, 80. ಪ್ರತಿ ಹೊಡೆತದ ನಡುವೆ ನಳಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಒಂದೊಂದು ಈಡಿಗೂ ಮೂರು ನಾಲ್ಕು ನಿಮಿಷ. ನನ್ನ ಮಗ ಹತ್ತು ನಿಮಿಷದಲ್ಲಿ ಫೋನ್ ತೆಗೆದ. ಇಪ್ಪತ್ತು ನಿಮಿಷದಲ್ಲಿ ಅದನ್ನು ಜೇಬಿಗಿಟ್ಟು ನೋಟ್‌ಬುಕ್ಕಿನಲ್ಲಿ ತಾನೇ ಬರೆಯತೊಡಗಿದ.

ಗ್ರೇನ್ ಅಂದರೆ ಕಾಳು. ಹಿಂದೆ ಯುರೋಪಿನಲ್ಲಿ ಧಾನ್ಯದ ಕಾಳಿನಿಂದ ತೂಕ ಹಾಕುತ್ತಿದ್ದುದರ ಗುರುತು ಅದು. ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ಚಿನ್ನ ತೂಗುತ್ತಿದ್ದಂತೆ. 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಹಾಗಾದರೆ 70 ಗ್ರೇನ್ ಅಂದರೆ ನಾಲ್ಕೂವರೆ ಗ್ರಾಂ, ಒಂದು ಟೀ ಚಮಚದ ಲೆಕ್ಕ.

ಈಗ ನನಗೆ ಆಶ್ಚರ್ಯ ತಂದದ್ದನ್ನು ಹೇಳುತ್ತೇನೆ. 50 ಗ್ರೇನಿನ ಐದು ತೂತುಗಳು ಅಂಗೈಯಗಲ ಹರಡಿದ್ದವು. 60ಕ್ಕೆ ಸ್ವಲ್ಪ ಹತ್ತಿರ. 70ಕ್ಕೆ ಐದೂ ಒಂದು ಕಾಫಿ ಲೋಟದ ಬಾಯಿಯೊಳಗೆ. 80 ಇನ್ನೂ ಚೆನ್ನಾಗಿರಬೇಕಲ್ಲವೇ? ಇಲ್ಲ, ಊಟದ ತಟ್ಟೆಯಷ್ಟು ಚೆಲ್ಲಾಪಿಲ್ಲಿ. ಹಿರಿಯರು ಏನೂ ಹೇಳದೆ ಮುಂದೆ ನಡೆದು, ಹುಲ್ಲಿನಲ್ಲಿ ಬಿದ್ದಿದ್ದ ಬಟ್ಟೆಯ ತುಂಡುಗಳನ್ನು ಹೆಕ್ಕಿ ತಂದು ಮಗನ ಕೈಗಿಟ್ಟರು. 70ರ ತುಂಡುಗಳು ಕಪ್ಪಾಗಿದ್ದರೂ ಇಡಿಯಾಗಿದ್ದವು. 80ರ ತುಂಡುಗಳ ನಡುವೆ ಸುಟ್ಟ ತೂತು. ಗುಂಡನ್ನು ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ಒತ್ತಿ ಹಿಡಿದು ತಿರುಗಿಸುವುದು ಆ ಬಟ್ಟೆ. ಅದೇ ಸುಟ್ಟರೆ ಗುಂಡು ತಿರುಗುವುದು ಹೇಗೆ? ಆಮೇಲೆ ದಪ್ಪ ಬಟ್ಟೆ, ಹೆಚ್ಚು ಎಣ್ಣೆ ಹಾಕಿ ಮತ್ತೆ 80 ಗ್ರೇನ್ ಹೊಡೆದರು. ತೂತುಗಳು ಮತ್ತೆ ಹತ್ತಿರ ಬಂದವು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಅಂದರು. ಮದ್ದು ಬದಲಿಸಿದರೆ ಬಟ್ಟೆ ಬದಲಿಸಬಾರದು, ಬಟ್ಟೆ ಬದಲಿಸಿದರೆ ಗುಂಡು ಬದಲಿಸಬಾರದು.

(ಇಲ್ಲಿ ಒಂದು ಮಾತು. ಯಾವ ಕೋವಿಗೆ ಎಷ್ಟು ಮದ್ದು ಗರಿಷ್ಠ ಎಂಬುದನ್ನು ಅದನ್ನು ಮಾಡಿದವರು ಬರೆದು ಕೊಟ್ಟಿರುತ್ತಾರೆ. ಹಿರಿಯರ ಪ್ರಯೋಗವೆಲ್ಲ ಆ ಗೆರೆಯೊಳಗೆ. ಇಂದಿನ ಹೊಗೆಯಿಲ್ಲದ ಮದ್ದನ್ನು ಇಂಥ ಕೋವಿಗೆ ಹಾಕಿದರೆ ನಳಿಗೆಯೇ ಸಿಡಿಯುತ್ತದೆ. ಬಲ್ಲವರಿಲ್ಲದೆ ನೀವು ಇದಕ್ಕೆ ಕೈಹಾಕುವುದು ಬೇಡ.)

ಸರಿ, ಈ ಲೆಕ್ಕವನ್ನೆಲ್ಲ ಮೊದಲು ಶುರು ಮಾಡಿದ್ದು ಯಾರು? ಕೋವಿ ಬಂದು ಶತಮಾನಗಳಾದರೂ ಗುಂಡು ಎಷ್ಟು ವೇಗದಲ್ಲಿ ಹೋಗುತ್ತದೆ ಎಂದು ಅಳೆಯುವ ದಾರಿ ಯಾರಿಗೂ ಸರಿಯಾಗಿ ಹೊಳೆದಿರಲಿಲ್ಲ. ಕಣ್ಣಿಗೇ ಕಾಣದ್ದನ್ನು ಅಳೆಯುವುದು ಹೇಗೆ? ಇಂಗ್ಲೆಂಡಿನ ಬಾತ್ ಊರಿನಲ್ಲಿ 1707ರಲ್ಲಿ ಹುಟ್ಟಿದ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ ಅದಕ್ಕೊಂದು ಸರಳ ಉಪಾಯ ಕಂಡುಹಿಡಿದ. ಒಂದು ಭಾರವಾದ ಮರದ ಹಲಗೆಯನ್ನು ಉಯ್ಯಾಲೆಯಂತೆ ನೇತುಹಾಕಿದ. ಅದಕ್ಕೆ ಗುಂಡು ಹೊಡೆದ. ಗುಂಡು ಮರದೊಳಗೆ ಸಿಕ್ಕಿಕೊಂಡು ಉಯ್ಯಾಲೆ ಹಿಂದಕ್ಕೆ ತೂಗುತ್ತದೆ. ಎಷ್ಟು ತೂಗಿತು ಎಂದು ತಿಳಿಯಲು ಕೆಳಗೆ ಒಂದು ರಿಬ್ಬನ್ ಕಟ್ಟಿದ್ದ. ಉಯ್ಯಾಲೆ ಎಳೆದುಕೊಂಡು ಹೋದಷ್ಟು ರಿಬ್ಬನ್ ಹೊರಗೆ ಬರುತ್ತದೆ. ಉಯ್ಯಾಲೆಯ ತೂಕ ಗೊತ್ತು, ಗುಂಡಿನ ತೂಕ ಗೊತ್ತು, ಉಯ್ಯಾಲೆ ಚಲಿಸಿದ ವೇಗ ರಿಬ್ಬನ್ನಿನಿಂದ ಗೊತ್ತು. ಉಳಿದದ್ದು ನೀವು ಹೈಸ್ಕೂಲ್ ಫಿಸಿಕ್ಸಿನಲ್ಲಿ ಮಾಡುವ ಮೊಮೆಂಟಮ್ ಲೆಕ್ಕ. ಕಾಣದ ವೇಗವನ್ನು ಕಾಣುವ ವೇಗಕ್ಕೆ ಇಳಿಸಿಬಿಟ್ಟ. ಆ ಲೆಕ್ಕ ಮಾಡುವಾಗ ಬೇಸರ ಬಂದರೆ ಈ ರಿಬ್ಬನ್ನನ್ನು ನೆನಪಿಸಿಕೊಳ್ಳಿ.

1742ರಲ್ಲಿ ಆತ ಇದನ್ನೆಲ್ಲ ಒಂದು ಚಿಕ್ಕ ಪುಸ್ತಕವಾಗಿ ಪ್ರಕಟಿಸಿದ. ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿ, ಉದ್ದುದ್ದ ಟಿಪ್ಪಣಿ ಬರೆದವನು ಮಹಾಗಣಿತಜ್ಞ ಆಯ್ಲರ್. ಗಾಳಿ ಗುಂಡನ್ನು ತಡೆಯುವುದು ಅತ್ಯಲ್ಪ ಎಂದು ಅಲ್ಲಿಯವರೆಗೆ ಹೆಚ್ಚಿನವರು ನಂಬಿದ್ದರು. ರಾಬಿನ್ಸ್ ಅಳೆದು ನೋಡಿದರೆ ಗಾಳಿಯ ತಡೆ ಗುಂಡಿನ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಮದ್ದು ಜಾಸ್ತಿ ಸುರಿದರೆ ಗುಂಡು ಅಷ್ಟೇ ದೂರ ಹೆಚ್ಚು ಹೋಗುತ್ತದೆ ಎಂಬುದು ಸುಳ್ಳಾಯಿತು. ಮುಂದೆ ವುಲ್ವಿಚ್‌ನಲ್ಲಿ ಚಾರ್ಲ್ಸ್ ಹಟ್ಟನ್ ಇದೇ ಉಯ್ಯಾಲೆಯ ದೊಡ್ಡ ರೂಪ ಮಾಡಿ ಫಿರಂಗಿಗಳನ್ನೇ ಪರೀಕ್ಷಿಸಿದ. ವೇಗ ಹೆಚ್ಚುವುದು ಮದ್ದಿನ ವರ್ಗಮೂಲಕ್ಕೆ ತಕ್ಕಂತೆ ಎಂದು ಆತ ಕಂಡುಕೊಂಡ. ಅಂದರೆ ವೇಗ ಎರಡು ಪಟ್ಟು ಬೇಕಾದರೆ ಮದ್ದು ನಾಲ್ಕು ಪಟ್ಟು ಬೇಕು. ಕೋವಿ ನಾಲ್ಕು ಪಟ್ಟು ತಡೆಯಬೇಕಲ್ಲ!

ರಾಬಿನ್ಸ್‌ನ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಒಂದು ಕೋವಿಯ ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿದ. ಗುಂಡು ಎಡಕ್ಕೆ ಹೋಗಬೇಕಲ್ಲವೇ? ಮೊದಲು ಎಡಕ್ಕೇ ಹೋಯಿತು. ದೂರ ಹೋಗುತ್ತಾ ಹೋಗುತ್ತಾ ಬಲಕ್ಕೆ ತಿರುಗಿತು. ದಾರಿಯಲ್ಲಿ ತೂಗುಹಾಕಿದ್ದ ತೆಳು ಕಾಗದದ ಪರದೆಗಳ ತೂತುಗಳು ಅದಕ್ಕೆ ಸಾಕ್ಷಿ. ಬಾಗಿದ ನಳಿಗೆಯ ಗೋಡೆಗೆ ಉಜ್ಜಿಕೊಂಡು ಗುಂಡು ಬುಗುರಿಯಂತೆ ತಿರುಗುತ್ತಿತ್ತು. ತಿರುಗುವ ಚೆಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಬೇಸ್‌ಬಾಲಿನ ಕರ್ವ್‌ಬಾಲ್ ನಿಮಗೆ ಗೊತ್ತಲ್ಲ, ಅದೇ. ಅಂಕೆಯಿಲ್ಲದ ತಿರುಗುವಿಕೆ ಗುರಿ ಕೆಡಿಸುತ್ತದೆ, ಅಂಕೆಯಲ್ಲಿಟ್ಟ ತಿರುಗುವಿಕೆ ಗುರಿ ಕಾಯುತ್ತದೆ. ಸುರುಳಿ ಗೆರೆ ಕೊರೆದ ರೈಫಲ್ ನಳಿಗೆಯನ್ನು ಮೊದಲು ಅಪ್ಪಿಕೊಂಡ ದೇಶದ ಸೈನ್ಯ ಉಳಿದವರನ್ನು ಮೀರಿಸುತ್ತದೆ ಎಂದು 1747ರಲ್ಲೇ ರಾಬಿನ್ಸ್ ಹೇಳಿದ್ದ. ಆ ಹೊತ್ತಿಗೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತ ನೆಲೆಸಿದ್ದ ಜರ್ಮನ್ ಕಸುಬುದಾರರು ಅಂಥ ಉದ್ದ ನಳಿಗೆಗಳನ್ನು ಮಾಡಿ ಬೇಟೆಗಾರರಿಗೆ ಮಾರತೊಡಗಿದ್ದರು. ನಮ್ಮ ಪಕ್ಕದ ಮನೆಯವರ ಕೋವಿ ಅದೇ ವಂಶದ್ದು.

ರಾಬಿನ್ಸ್‌ನ ಕೊನೆ ಎಲ್ಲಿ ಗೊತ್ತೇ? ಈಸ್ಟ್ ಇಂಡಿಯಾ ಕಂಪನಿ ಆತನನ್ನು ಕೋಟೆಗಳ ಎಂಜಿನಿಯರ್ ಮಾಡಿ ಮದ್ರಾಸಿನ ಕಡೆಗೆ ಕಳಿಸಿತು. 1751ರಲ್ಲಿ, ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ, 44ನೇ ವಯಸ್ಸಿಗೆ ತೀರಿಕೊಂಡ. ಬೆಂಗಳೂರಿನಿಂದ ಪಾಂಡಿಚೇರಿಗೆ ರಜೆಗೆ ಹೋದರೆ ಅಲ್ಲಿಂದ ಕಡಲೂರು ಪಕ್ಕದಲ್ಲೇ.

ಈಗ ನೂರು ವರ್ಷ ಮುಂದೆ ಬನ್ನಿ. 1853ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಹೊಸ ರೈಫಲ್ ಬಂತು, ಎನ್‌ಫೀಲ್ಡ್. ಅದೇ ವರ್ಷ ಇಂಗ್ಲೆಂಡಿನ ಹೈತ್ ಎಂಬ ಕಡಲತೀರದ ಊರಿನಲ್ಲಿ ಗುರಿ ಕಲಿಸುವ ಶಾಲೆಯೂ ತೆರೆಯಿತು. ಎನ್‌ಫೀಲ್ಡಿನ ಈಡು ಹೀಗೆ: 530 ಗ್ರೇನಿನ ಸೀಸದ ಗುಂಡು, ಸುಮಾರು 68 ಗ್ರೇನ್ ಮದ್ದು, ಎರಡೂ ಒಂದೇ ಕಾಗದದ ಸುರುಳಿಯಲ್ಲಿ. ಸಿಪಾಯಿ ಕಾಗದದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಗುಂಡಿನ ತುದಿಯನ್ನು ಒಳಗೆ ತೂರಿಸಿ ಗಜದಿಂದ ತಳ್ಳಬೇಕು. (ಇಲ್ಲಿ ಗಜ ಅಂದರೆ ಅಳತೆಯ ಗಜವಲ್ಲ, ಈಡು ಜಡಿಯುವ ಉದ್ದ ಕೋಲು.) ಗುಂಡಿನ ಸುತ್ತಲ ಕಾಗದಕ್ಕೆ ಕೊಬ್ಬು ಸವರಿರುತ್ತದೆ. ಯಾಕೆ? ಕಪ್ಪು ಮದ್ದು ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಹೊಗೆಯ ಕಣ, ಮಸಿಯಾಗುತ್ತದೆ, ಅದರಲ್ಲೊಂದು ಪಾಲು ನಳಿಗೆಯಲ್ಲೇ ಉಳಿಯುತ್ತದೆ. ಜಿಡ್ಡಿಲ್ಲದಿದ್ದರೆ ಕೆಲವೇ ಈಡುಗಳ ಮೇಲೆ ಗುಂಡು ಒಳಗೇ ಹೋಗದು. ಪಕ್ಕದ ಮನೆಯವರ ಎಣ್ಣೆ ಬಟ್ಟೆ ಮಾಡುವ ಕೆಲಸವೇ ಈ ಕೊಬ್ಬಿನದ್ದೂ.

1857ರ ಏಪ್ರಿಲಿನಲ್ಲಿ ಹೈತ್‌ನಲ್ಲಿ ಒಂದು ದೊಡ್ಡ ಪಂದ್ಯ ನಡೆಯಿತು. ಜೋಸೆಫ್ ವಿಟ್ವರ್ತ್ ಎಂಬ ಎಂಜಿನಿಯರ್ ಆರು ಮೂಲೆಯ ಸಣ್ಣ ನಳಿಗೆಯ ರೈಫಲ್ ತಂದಿದ್ದ. ಗುಂಡಿನ ತೂಕ ಎನ್‌ಫೀಲ್ಡಿನಷ್ಟೇ, 530 ಗ್ರೇನ್. ಮದ್ದು ಹೆಚ್ಚುಕಡಿಮೆ ಅಷ್ಟೇ, 70 ಗ್ರೇನ್. ಬದಲಾದದ್ದು ನಳಿಗೆಯ ಅಗಲ ಮತ್ತು ಸುರುಳಿ. ಎನ್‌ಫೀಲ್ಡಿನಲ್ಲಿ ಗುಂಡು 78 ಅಂಗುಲಕ್ಕೆ ಒಂದು ಸುತ್ತು ತಿರುಗಿದರೆ ಇದರಲ್ಲಿ 20 ಅಂಗುಲಕ್ಕೇ ಒಂದು ಸುತ್ತು. 500 ಗಜ ದೂರದಲ್ಲಿ ಎನ್‌ಫೀಲ್ಡಿನ ಗುಂಡುಗಳು ಸರಾಸರಿ 2.24 ಅಡಿ ಆಚೀಚೆ ಬಿದ್ದರೆ ವಿಟ್ವರ್ತ್‌ನವು 0.37 ಅಡಿ. ಆದರೂ ಸೈನ್ಯ ಅದನ್ನು ಒಪ್ಪಲಿಲ್ಲ. ಬೆಲೆ ಹೆಚ್ಚು, ಸಣ್ಣ ನಳಿಗೆಯಲ್ಲಿ ಮಸಿ ಬೇಗ ಕಟ್ಟಿಕೊಳ್ಳುತ್ತದೆ ಎಂಬ ಕಾರಣಗಳು. ಇಷ್ಟು ಸೂಕ್ಷ್ಮವಾಗಿ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದೆ ಪರೀಕ್ಷೆ ಮಾಡುತ್ತಿದ್ದ ಜನ ಅವರು.

ಅದೇ ಏಪ್ರಿಲ್ 24ರಂದು ಮೀರತ್‌ನಲ್ಲಿ ಕುದುರೆ ಪಡೆಯ 90 ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ತೋಟಾ ತೆಗೆದುಕೊಳ್ಳಿ ಎಂದರು. 85 ಜನ ಮುಟ್ಟಲಿಲ್ಲ.

ದನದ ಕೊಬ್ಬು, ಹಂದಿಯ ಕೊಬ್ಬು ಎಂಬ ಮಾತು ನೀವು ಕೇಳಿರುತ್ತೀರಿ. ನಾನು ಹೇಳಬೇಕೆಂದಿರುವುದು ಅದಕ್ಕಿಂತ ಮೊದಲಿನ ಸಂಗತಿ, ಶಾಲೆಯ ಪಾಠದಲ್ಲಿ ಸಾಮಾನ್ಯವಾಗಿ ಬಾರದ್ದು. 1853ರಲ್ಲೇ ಕೊಬ್ಬು ಸವರಿದ ತೋಟಾಗಳನ್ನು ಪರೀಕ್ಷೆಗೆಂದು ಭಾರತಕ್ಕೆ ಕಳಿಸಿದ್ದರು. ಯಾವ ಪರೀಕ್ಷೆ? ನಮ್ಮ ಬಿಸಿಲಿಗೆ ಕೊಬ್ಬು ಕರಗುತ್ತದೆಯೋ, ಕೆಡುತ್ತದೆಯೋ ಎಂದು. ಕಲ್ಕತ್ತ, ಕಾನ್ಪುರ, ರಂಗೂನ್‌ಗಳಲ್ಲಿ ಕಾವಲಿನ ಸಿಪಾಯಿಗಳ ಚೀಲದಲ್ಲಿ ಅವನ್ನು ಇರಿಸಿ ಹೊರಿಸಿದರು. ಬಂಗಾಳ ಸೈನ್ಯದ ಅಧಿಕಾರಿ ಕರ್ನಲ್ ಟಕರ್ ಆಗಲೇ ಎಚ್ಚರಿಕೆ ಬರೆದಿದ್ದ. ಈ ಜಿಡ್ಡು ಜಾತಿ ನಂಬಿಕೆಗಳಿಗೆ ವಿರುದ್ಧವಲ್ಲ ಎಂದು ಖಚಿತವಾಗದ ಹೊರತು ದೇಶಿ ಪಡೆಗಳ ಕೈಗೆ ಕೊಡಬೇಡಿ ಎಂದು. ಆ ಎಚ್ಚರಿಕೆ ತಲುಪಬೇಕಾದ ಕಡೆ ತಲುಪಲಿಲ್ಲ. ಬಿಸಿಲನ್ನು ಪರೀಕ್ಷಿಸಿದರು, ದೂರವನ್ನು ಪರೀಕ್ಷಿಸಿದರು, ಮಸಿಯನ್ನು ಪರೀಕ್ಷಿಸಿದರು. ಅದನ್ನು ಬಾಯಲ್ಲಿಟ್ಟು ಕಚ್ಚುವವನನ್ನು ಒಂದು ಮಾತು ಕೇಳಲಿಲ್ಲ. 1857ರ ಜನವರಿಯಲ್ಲಿ, ನಿಮಗೆ ಬೇಕಾದ ಜಿಡ್ಡನ್ನು ನೀವೇ ಸವರಿಕೊಳ್ಳಿ ಎಂದರು. ಆಮೇಲೆ, ಕಚ್ಚುವುದು ಬೇಡ, ಕೈಯಿಂದ ಹರಿಯಿರಿ ಎಂದು ಕವಾಯತನ್ನೇ ಬದಲಿಸಿದರು. ಅಷ್ಟರಲ್ಲಿ ನಂಬಿಕೆ ಹೋಗಿತ್ತು. ಮೇ 9ರಂದು ಆ 85 ಜನರಿಗೆ ಎಲ್ಲರೆದುರು ಬೇಡಿ ಹಾಕಿಸಿದರು. 10ರಂದು ಮೀರತ್ ಸಿಡಿಯಿತು.

ದಂಗೆಗೆ ತೋಟಾ ಒಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಕಸಿದುಕೊಂಡ ರಾಜ್ಯಗಳು, ಕಂದಾಯ, ಸಂಬಳ, ಎಲ್ಲವೂ ಇತ್ತು. ಒಣಗಿದ ಹುಲ್ಲು ಬೇಕಾದಷ್ಟು ಬಿದ್ದಿತ್ತು.

ದಂಗೆಯ ಬಿಸಿ ಕನ್ನಡ ನಾಡಿಗೆ ಬಂದದ್ದು ಕಾನೂನಿನ ರೂಪದಲ್ಲಿ. ಜನರ ಕೈಯಲ್ಲಿರುವ ಆಯುಧಗಳನ್ನು ಒಪ್ಪಿಸಬೇಕೆಂದು ಅದೇ ವರ್ಷ ಸರ್ಕಾರ ಕಾಯ್ದೆ ಮಾಡಿತು. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ಹಲಗಲಿ ಎಂಬ ಹಳ್ಳಿ. ಅಲ್ಲಿಯ ಬೇಡರಿಗೆ ಆಯುಧವೆಂದರೆ ಹೊಟ್ಟೆಪಾಡು, ಮಾನ ಎರಡೂ. ಕೊಡುವುದಿಲ್ಲ ಎಂದರು. ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸಿಕ್ಕಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಊರೂರು ತಿರುಗುವ ಲಾವಣಿಕಾರರು ಇದನ್ನು ಹಾಡು ಕಟ್ಟಿ ಹಾಡಿದರು. ಆ ಲಾವಣಿಯನ್ನು ಬರೆದುಕೊಂಡು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಮಾಡಿಸಿದವರು ಜೆ. ಎಫ್. ಫ್ಲೀಟ್, ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಕಸಿನ್ ಇದ್ದರೆ ಕೇಳಿ ನೋಡಿ. ಹಲಗಲಿ ಬೇಡರ ಲಾವಣಿ ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿತ್ತು.

ಅದೇ ಕಾಯ್ದೆ ಕೊಡಗಿನಲ್ಲಿ ಬೇರೆಯೇ ದಾರಿ ಹಿಡಿಯಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟ. ಬ್ರಿಟಿಷರಿಗೆ ಅವರು ಕೊಟ್ಟ ಬೆಂಬಲಕ್ಕೆ ಸಿಕ್ಕ ಬಹುಮಾನ ಅದು ಎಂಬುದನ್ನು ಮುಚ್ಚಿಡಬೇಕಿಲ್ಲ. ಹಲಗಲಿಗೆ ಬೆಂಕಿ, ಕೊಡಗಿಗೆ ಬಹುಮಾನ, ನಡುವೆ ನಾಲ್ಕೇ ವರ್ಷ. ಸ್ವತಂತ್ರ ಭಾರತವೂ ಆ ವಿನಾಯಿತಿಯನ್ನು ಉಳಿಸಿಕೊಂಡು ಬಂದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ನಿಮ್ಮಲ್ಲಿ ಕೊಡಗಿನ ಮನೆಯವರಿದ್ದರೆ ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ.

ಇನ್ನು ನಮ್ಮ ಮನೆಯ ಕಥೆ. ನಮ್ಮದು ಕೊಡಗಲ್ಲ, ಅಡಿಕೆ ತೋಟದ ಮಲೆನಾಡು. ಮಂಗ, ಹಂದಿಗಳ ಕಾಟಕ್ಕೆಂದು ಲೈಸೆನ್ಸ್ ಪಡೆದ ಒಂದು ಕೇಪಿನ ಕೋವಿ ಜಗಲಿಯ ಗೋಡೆಯಲ್ಲಿ ನೇತಾಡುತ್ತಿತ್ತು. ಅಜ್ಜ ಮದ್ದನ್ನು ಅಂಗೈಯಲ್ಲಿ ಸುರಿದು ಅಂದಾಜಿನಲ್ಲಿ ಹಾಕುತ್ತಿದ್ದರು. ಒಂದು ರಾತ್ರಿ ಹಂದಿಯ ಸದ್ದು ಕೇಳಿ ಈಡು ತುಂಬಿದರು. ಹಂದಿ ಬರಲಿಲ್ಲ. ತುಂಬಿದ ಕೋವಿಯನ್ನು ಹಾಗೇ ಗೋಡೆಗೆ ತೂಗುಹಾಕಿ ಮಲಗಿದರು. ಬೆಳಿಗ್ಗೆ ತೋಟಕ್ಕೆ ಮಂಗ ಬಂತೆಂದು ದೊಡ್ಡಪ್ಪ ಕೋವಿ ತೆಗೆದು, ಖಾಲಿ ಅಂದುಕೊಂಡು, ಅದರ ಮೇಲೆ ಇನ್ನೊಂದು ಈಡು ಜಡಿದರು. ನಾನಾಗ ಎರಡನೇ ಕ್ಲಾಸು. ಸದ್ದು ನೆನಪಿದೆ. ದೊಡ್ಡಪ್ಪನ ಎಡಗೈಯಲ್ಲಿ ಈಗ ಮೂರು ಬೆರಳು.

ಇದು ಹಳ್ಳಿಯವರ ಅಜಾಗ್ರತೆ ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ. ನಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆ ದೂರದಲ್ಲಿ ಗೆಟಿಸ್‌ಬರ್ಗ್ ಇದೆ. ನೀವು ಶಾಲೆಯ ಫೀಲ್ಡ್ ಟ್ರಿಪ್ಪಿನಲ್ಲಿ ಹೋಗಿರಬಹುದು. 1863ರ ಜುಲೈನ ಆ ಮೂರು ದಿನದ ಯುದ್ಧ ಮುಗಿದ ಮೇಲೆ ರಣರಂಗದಲ್ಲಿ ಬಿದ್ದಿದ್ದ 27,574 ಕೋವಿಗಳನ್ನು ಹೆಕ್ಕಿ ಲೆಕ್ಕ ಹಾಕಿದರು. ಸುಮಾರು 24,000 ಕೋವಿಗಳಲ್ಲಿ ಮದ್ದು ಇನ್ನೂ ಒಳಗೇ ಇತ್ತು. ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡು. ಕಾಲು ಭಾಗದಲ್ಲಿ ಮೂರರಿಂದ ಹತ್ತು. ಒಂದರಲ್ಲಿ 23. ಸೈನಿಕರಿಗೆ ಕೊಲ್ಲಲು ಮನಸ್ಸಿರಲಿಲ್ಲ, ಅದಕ್ಕೇ ತುಂಬುತ್ತಾ ನಿಂತರು ಎಂದು ಕೆಲವರು ಅರ್ಥ ಹೇಳುತ್ತಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಅಕ್ಕಪಕ್ಕ ನೂರಾರು ಕೋವಿ ಗುಡುಗುವಾಗ, ಹೊಗೆಯಲ್ಲಿ ಕಣ್ಣು ಕಾಣದಿರುವಾಗ, ಕೈ ನಡುಗುವಾಗ, ನಿನ್ನ ಕೇಪು ಹೊತ್ತಿತೋ ಇಲ್ಲವೋ ನಿನಗೇ ಗೊತ್ತಾಗುವುದಿಲ್ಲ. ಕವಾಯತು ಮಾಡಿದ ಕೈ ತಾನಾಗಿ ಇನ್ನೊಂದು ಈಡು ತುಂಬುತ್ತದೆ.

ರೇಂಜಿನಲ್ಲಿ ಆ ದಿನ ಹೊರಡುವ ಮೊದಲು ಹಿರಿಯರು ಮಗನಿಗೆ ಗಜವನ್ನು ತೋರಿಸಿದರು. ಅದರ ಮೇಲೆ ಚಾಕುವಿನಿಂದ ಕೊರೆದ ಎರಡು ಗೆರೆಗಳು. ನಳಿಗೆ ಖಾಲಿಯಿದ್ದರೆ ಗಜ ಕೆಳಗಿನವರೆಗೆ ಇಳಿದು ಒಂದು ಗೆರೆ ನಳಿಗೆಯ ಬಾಯಿಗೆ ಸಮವಾಗುತ್ತದೆ. ಒಂದು ಈಡು ಸರಿಯಾಗಿ ಕೂತಿದ್ದರೆ ಎರಡನೆಯ ಗೆರೆ. ಅದಕ್ಕಿಂತ ಮೇಲೆ ನಿಂತರೆ ಏನೋ ತಪ್ಪಾಗಿದೆ, ಕೋವಿ ಮುಟ್ಟಬಾರದು. ಕೋವಿ ಕೈಗೆತ್ತಿಕೊಂಡಾಗ ಮೊದಲ ಕೆಲಸ ಇದು, ನಿನ್ನೆ ನೀನೇ ಗೋಡೆಗಿಟ್ಟಿದ್ದರೂ, ಎಂದರು.

ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪನಿಗೆ ಇದನ್ನು ಹೇಳಿದೆ. ಅವರಿಗೆ ಈಗ ಕಿವಿ ಸ್ವಲ್ಪ ಮಂದ, ಎರಡು ಸಲ ಹೇಳಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಗಜಕ್ಕೆ ಎರಡು ಗೆರೆ. ಅಷ್ಟೇನಾ ಮಾರಾಯ?" ಅಂದರು.

ಆಮೇಲೆ ಅಡಿಕೆ ರೇಟಿನ ಮಾತು ತೆಗೆದರು.